ಆರಾಮ ಇದ್ದರೆ ಒಂದು ಒತ್ತಿರಿ

ಹೈದರಾಬಾದಿನ ಕಾಚಿಗೂಡ ಸ್ಟೇಶನ್ನಿನ ಎದುರಿನ ಗಲ್ಲಿಯಲ್ಲಿ ವೈಜನಾಥರ ಸ್ಟೀಲ್ ಪಾತ್ರೆ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ವೈಜನಾಥರು. ಇನ್ನೊಂದು ಅವರ ಅಳಿಯ ಮಹೇಶಕುಮಾರನಿಗಾಗಿ, ಅವನ ಮದುವೆಯಾದಂದಿನಿಂದ ಖಾಲಿ. ಸುಸ್ತಾದ ಗಿರಾಕಿ ಯಾರಾದರೂ ಅದರಲ್ಲಿ ಕೂರಲು ಹೋದರೆ ವೈಜನಾಥರು ಕೈ ಅಡ್ಡ ಹಿಡಿಯುತ್ತಿದ್ದರು.

"ಅದ್ರಾಗ ಬ್ಯಾಡ್ರಿ. ಅದು ನಮ್ಮ ಅಳಿಯಂದ್ರದು. ಎಂಜಿನಿಯರ್ ಅದಾರ. ಸದ್ಯಕ್ಕ ಕಂಪನಿ ಮುಳುಗಿಸಾಕತ್ತಾರ, ಮುಗದ ಮ್ಯಾಲ ಬರ್ತಾರ."

ಅಂಗಡಿಯಲ್ಲಿ ಕೂರುವುದಕ್ಕೆ ಮಹೇಶನದು ತಕರಾರಿರಲಿಲ್ಲ. ಹೆಸರು ಕೊರೆಯುವುದಕ್ಕಿತ್ತು. ಮದುವೆ, ಗೃಹಪ್ರವೇಶಗಳಿಗೆ ಉಡುಗೊರೆ ಕೊಡಲು ಪಾತ್ರೆ ಕೊಂಡವರಿಗೆ ವೈಜನಾಥರು ಸಣ್ಣ ಮಷೀನಿನಿಂದ ಹೆಸರು ಕೊರೆದು ಕೊಡುತ್ತಿದ್ದರು. ಅದರ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅಳಿಯ ಬಂದ ಮೇಲೆ ಆ ಕೆಲಸ ಅಳಿಯನದೇ ಎಂದು ಅವರು ಊರಿಗೆಲ್ಲ ಸಾರಿಬಿಟ್ಟಿದ್ದರು. "ಎಂಜಿನಿಯರ್ ಕಡೆಯಿಂದ ಹೆಸರು ಕೊರಸೋರು ಹೈದರಾಬಾದಿನ್ಯಾಗ ಮತ್ಯಾರರ ಅದಾರೇನು?" ಎಂದು ಅವರು ಕೇಳುವುದು ಮಹೇಶನ ಕನಸಿನಲ್ಲೂ ಬರುತ್ತಿತ್ತು.

ಆ ವರ್ಷದ ಯುಗಾದಿಯಂದು ಬೇವುಬೆಲ್ಲ ಬಾಯಿಗಿಟ್ಟುಕೊಂಡು ಮಾವ, ಅಳಿಯ ಒಪ್ಪಂದ ಮಾಡಿಕೊಂಡರು. ಮಹೇಶನ ನಾಲ್ಕನೆಯ ಕಂಪನಿಯ ಕರಾರಿಗೆ ಊರಿನ ದೊಡ್ಡ ದವಾಖಾನೆಯೊಂದು ಸಹಿ ಹಾಕಿದರೆ ಆ ಕುರ್ಚಿ ಗುಜರಿಗೆ ಹೋಗಬೇಕು. ಹಾಕದಿದ್ದರೆ ಮರುದಿನವೇ ಮಹೇಶ ಅದರಲ್ಲಿ ಕೂರಬೇಕು. ಸಾಕ್ಷಿಗೆ ಅವನ ಹೆಂಡತಿ ವಿಶಾಲಾಕ್ಷಿ ಇದ್ದಳು. ಅವಳು ದಿಲ್‌ಸುಖ್‌ನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ನಾಲ್ಕು ಕಂಪನಿಗಳ ಕಾಲಕ್ಕೂ ಮನೆ ನಡೆದದ್ದು ಆ ಗಣಿತದಿಂದ.

ಮಹೇಶ ಲಿಂಗಸೂಗೂರಿನವನು. ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣಕ್ಕೆ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ, ರಿಪೇರಿಗೆ ಸಾವಿರಾರು ಜನ ಬೇಕು ಎಂದು ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸುಗಳ ಗೋಡೆಗೋಡೆಯೂ ಕೂಗುತ್ತಿದ್ದಾಗ ಅವನು ಅಲ್ಲಿಗೆ ಬಂದಿಳಿದ. ಕೋರ್ಸು ಮುಗಿಸಿ ಸರ್ಟಿಫಿಕೇಟು ಹಿಡಿಯುವಷ್ಟರಲ್ಲಿ ಆ ಕ್ಷಣ ಬಂದುಹೋಯಿತು. ಏನೂ ಕೆಡಲಿಲ್ಲ. ಜಗತ್ತು ಉಳಿದುಕೊಂಡದ್ದಕ್ಕೆ ಮನಸಾರೆ ಬೇಸರಪಟ್ಟ ಕೆಲವರಲ್ಲಿ ಅವನೊಬ್ಬ.

ಬೇರೆಯವರಾಗಿದ್ದರೆ ಊರಿಗೆ ಬಸ್ಸು ಹತ್ತುತ್ತಿದ್ದರು. ಮಹೇಶ ಕಂಪನಿ ತೆರೆದ. ಹೈದರಾಬಾದಿನ ಕಲ್ಯಾಣಮಂಟಪಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬುಕ್ ಮಾಡಿಸುವ ಕಂಪನಿ. ಆದರೆ ಮಂಟಪಗಳ ಮ್ಯಾನೇಜರುಗಳು ಇಂಟರ್‌ನೆಟ್ಟನ್ನು ನಂಬದೆ ತಮ್ಮ ಡೈರಿಯಲ್ಲೂ ಬುಕ್ ಮಾಡಿಕೊಳ್ಳುತ್ತಿದ್ದರು. ಒಂದು ಮೇ ತಿಂಗಳಲ್ಲಿ ಒಂದೇ ಮಂಟಪಕ್ಕೆ ಒಂದೇ ಮುಹೂರ್ತಕ್ಕೆ ಇಬ್ಬರು ಮದುಮಗಂದಿರು ಕುದುರೆ ಮೇಲೆ ಬಂದರು. ಎರಡೂ ಬ್ಯಾಂಡಿನವರು ಒಂದೇ ಹಾಡು ಬಾರಿಸುತ್ತಿದ್ದುದರಿಂದ ಸ್ವಲ್ಪ ಹೊತ್ತು ಯಾರಿಗೂ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಮಹೇಶನನ್ನು ಹುಡುಕಿ ಹೊಡೆಯಲು ಹೊರಟವರ ಮುಂದಾಳು ವೈಜನಾಥರು. ಮದುಮಗಳೊಬ್ಬಳು ಅವರ ತಮ್ಮನ ಮಗಳು. ಹುಡುಗ ಸಿಕ್ಕ. ಕಾಲರು ಹಿಡಿದು ಯಾವ ಊರು ಎಂದರು, ಯಾರ ಪೈಕಿ ಎಂದರು, ಏನು ಓದಿದ್ದಿ ಎಂದರು. ಕಾಲರು ಬಿಟ್ಟರು. ಹೀಗೆ ಆ ಕಂಪನಿ ಕುದುರಿಸಿದ ಕೊನೆಯ ಮದುವೆ ಮಹೇಶನದೇ.

ಎರಡನೆಯದು ಅಮೆರಿಕದ ಡಾಕ್ಟರುಗಳು ಟೇಪಿನಲ್ಲಿ ಒದರಿದ್ದನ್ನು ಇಲ್ಲಿ ಕೂತು ಟೈಪು ಮಾಡಿ ಕಳಿಸುವ ಕಂಪನಿ. ಅಲ್ಲಿ ಮಹೇಶ ಪ್ರಪಂಚದ ರೋಗಗಳೆಲ್ಲದರ ಇಂಗ್ಲಿಷ್ ಹೆಸರು ಕಲಿತ. ಕಲಿತ ವಾರವೇ ಆ ರೋಗ ಅವನಿಗೆ ಬರುತ್ತಿತ್ತು. ಗರ್ಭಕೋಶದ ವಾರ ಒಂದರಲ್ಲಿ ಮಾತ್ರ ಆರೋಗ್ಯವಾಗಿದ್ದ. ಮುಂದೆ ಅಮೆರಿಕದವರು ಆ ಕೆಲಸವನ್ನು ಮಷೀನಿಗೇ ಕಲಿಸಿಬಿಟ್ಟರು.

ಮೂರನೆಯದು ಫೋನಿನಲ್ಲಿ ದಿನಭವಿಷ್ಯ. ಬರೆಯುವವನು ಮಹೇಶನೇ. ಒಂದು ಕಪ್ ಇರಾನಿ ಚಹಾ ಮುಗಿಯುವುದರೊಳಗೆ ಹನ್ನೆರಡು ರಾಶಿಯನ್ನೂ ಮುಗಿಸುತ್ತಿದ್ದ. ಓದುವವಳು ವಿಶಾಲಾಕ್ಷಿ. ಅವಳ ದನಿ ಚೆನ್ನಾಗಿತ್ತು. ಕೆಟ್ಟ ಸುದ್ದಿಯನ್ನೂ ಸಂಜೆಯ ತಿಂಡಿಯ ಹಾಗೆ ಮುಂದಿಡುತ್ತಿದ್ದಳು. ಆ ಕಂಪನಿ ಮುಳುಗುತ್ತದೆಂದು ಹನ್ನೆರಡರಲ್ಲಿ ಒಂದು ರಾಶಿಯೂ ಮುಂಚೆ ಹೇಳಲಿಲ್ಲ.

ನಾಲ್ಕನೆಯದೇ ನಾಡಿಲಿಂಕ್. ಹೈಟೆಕ್ ಸಿಟಿಯ ಯಾವುದೋ ಸಮ್ಮೇಳನದಲ್ಲಿ, ಬಿರಿಯಾನಿಯ ಸಾಲಿನಲ್ಲಿ, ಮುಂದೆ ನಿಂತವರೊಬ್ಬರು 'ಡಿಜಿಟಲ್ ಹೆಲ್ತ್' ಎಂದದ್ದು ಮಹೇಶನ ಕಿವಿಗೆ ಬಿತ್ತು. ತಟ್ಟೆ ಹಿಡಿದುಕೊಂಡೇ ಕಂಪನಿ ಹುಟ್ಟಿತು. ದವಾಖಾನೆಯಿಂದ ಮನೆಗೆ ಹೋದ ರೋಗಿಗಳಿಗೆ ಕಂಪ್ಯೂಟರು ದಿನಾ ಬೆಳಿಗ್ಗೆ ಫೋನು ಮಾಡಿ ವಿಚಾರಿಸುತ್ತದೆ. ಅವರು ಫೋನಿನ ಗುಂಡಿ ಒತ್ತಿ ಉತ್ತರ ಕೊಡುತ್ತಾರೆ. ಯಾರಿಗೆ ತೊಂದರೆಯಿದೆ ಎಂದು ಡಾಕ್ಟರಿಗೆ ಕೂತಲ್ಲೇ ತಿಳಿಯುತ್ತದೆ.

ಸಹಿ ಹಾಕಬೇಕಿದ್ದ ಆ ದೊಡ್ಡ ದವಾಖಾನೆಗೆ ರಾಯಚೂರು, ಕಲಬುರ್ಗಿ ಕಡೆಯ ಜನ ಬಹಳ. ಹೃದಯದ ದೊಡ್ಡ ಡಾಕ್ಟರು ಉಡುಪಿಯ ಜನಾರ್ದನ ಅವರು ತಮ್ಮ ಕನ್ನಡದ ರೋಗಿಗಳಲ್ಲಿ ಇನ್ನೂರು ಜನರನ್ನು ಪ್ರಯೋಗಕ್ಕೆ ಕೊಟ್ಟರು. ಹಿಂದಿನ ವರ್ಷ ಅಲ್ಲೇ ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡಿದ್ದ ವೈಜನಾಥರೂ ಆ ಇನ್ನೂರರಲ್ಲಿ ಒಬ್ಬರು.

ಫೋನಿನ ದನಿ ಈ ಸಲವೂ ವಿಶಾಲಾಕ್ಷಿಯದೇ. ಅಡಿಗೆಮನೆಯಲ್ಲಿ ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದಳು: "ನಮಸ್ಕಾರ್ರಿ. ಆರಾಮ ಅದೀರೇನ್ರಿ? ಆರಾಮ ಇದ್ರ ಒಂದು ಒತ್ರಿ. ಇಲ್ಲಂದ್ರ ಎರಡು ಒತ್ರಿ." ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ತೆಗೆಯೋಣವೆಂದರೆ ಡಾಕ್ಟರು, "ಇರ್ಲಿ ಮಾರಾಯ್ರೆ, ಮನೆಯವ್ರು ಕೇಳಿದ ಹಾಗೆ ಉಂಟು" ಎಂದರು.

ಎರಡು ಒತ್ತಿದವರ ಜೊತೆ ಯಾರು, ಏನು ಮಾತಾಡಬೇಕು ಎಂಬುದನ್ನು ಮಹೇಶ ಇನ್ನೂ ತೀರ್ಮಾನಿಸಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ಅಲ್ಲಿ ಹಳೆಯ ರೆಕಾರ್ಡಿಂಗ್ ಏನೋ ಒಂದನ್ನು ತುರುಕಿದ್ದ. ಎರಡನ್ನು ಯಾರೂ ಒತ್ತುತ್ತಿರಲಿಲ್ಲವಾದ್ದರಿಂದ ತುರುಕಿದ್ದೇನೆಂಬುದೂ ಮರೆತುಹೋಗಿತ್ತು.

ಹೌದು, ಯಾರೂ ಒತ್ತುತ್ತಿರಲಿಲ್ಲ. ವಾರಗಳು ಕಳೆದವು, ಇನ್ನೂರು ಜನರೂ ಆರಾಮ. ಕಂಪ್ಯೂಟರಿನಲ್ಲಿ ಗ್ರಾಫು ಬಾಗಿಲಿನ ಹೊಸ್ತಿಲ ಹಾಗೆ ನೇರವಾಗಿ ಮಲಗಿತ್ತು. ಒಂದೇ ಒಂದು ಕಡೆ ಸಣ್ಣ ತಗ್ಗು. ಮಿಯಾಪುರದ ತರುಣ ಎಂಬ ರೋಗಿ ಒಂದೇ ಒಂದು ದಿನ ಎರಡು ಒತ್ತಿದ್ದ. ಮರುದಿನದಿಂದ ಮತ್ತೆ ಒಂದು. ಬೆರಳು ಜಾರಿರಬೇಕೆಂದುಕೊಂಡ ಮಹೇಶ.

"ಕೂಸಿಗೆ ದೃಷ್ಟಿಬೊಟ್ಟು ಇಟ್ಟಂಗ ಐತಿ ನೋಡು," ಎಂದು ಹೆಂಡತಿಗೆ ತೋರಿಸಿದ.

"ಇನ್ನೂರು ಮಂದಿಗೂ ದಿನಾ ಆರಾಮ? ನಮ್ಮ ಶಾಲಿ ಮಕ್ಕಳಿಗೇ ಇರಂಗಿಲ್ರೀ ಅಷ್ಟು ಆರಾಮ," ಎಂದಳು ವಿಶಾಲಾಕ್ಷಿ.

"ನಿಂದೊಂದು. ಖುಷಿ ಪಡಾಕೂ ಲೆಕ್ಕ ಕೇಳ್ತಿ."

ದವಾಖಾನೆಯ ಕಮಿಟಿ ಸಹಿ ಹಾಕುವ ಸೋಮವಾರ ಗೊತ್ತಾಯಿತು. ಡಾಕ್ಟರು ಫೋನು ಮಾಡಿದರು. "ಮಹೇಶ್ರೇ, ಬರೀ ಗ್ರಾಫ್ ತೋರ್ಸಿದ್ರೆ ಕಮಿಟಿಯವ್ರಿಗೆ ನಿದ್ರೆ ಬರ್ತದೆ. ಒಬ್ಬ ಪೇಷಂಟನ್ನು ಕರ್ಕೊಂಡು ಬನ್ನಿ. ಆರೋಗ್ಯ ಕೆಟ್ಟು ಸರಿಯಾದವ್ರು ಯಾರಾದ್ರೂ ಇದ್ರೆ ಒಳ್ಳೇದು."

ಕೆಟ್ಟು ಸರಿಯಾದವನು ಪಟ್ಟಿಯಲ್ಲಿ ಒಬ್ಬನೇ. ಮಹೇಶ ತರುಣನ ನಂಬರಿಗೆ ಎರಡು ಸಲ ಫೋನು ಮಾಡಿದ; ಎತ್ತಲಿಲ್ಲ. ಭಾನುವಾರ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿನ ಈ ತುದಿಯಿಂದ ಆ ತುದಿಗೆ, ಮಿಯಾಪುರಕ್ಕೆ ಹೊರಟ.

ಎತ್ತರದ ಅಪಾರ್ಟ್‌ಮೆಂಟು. ಬಾಗಿಲು ತೆಗೆದವಳು ವಿಶಾಲಾಕ್ಷಿಗಿಂತ ಚಿಕ್ಕವಳು. ಮಹೇಶ ನಗುಮುಖ ಮಾಡಿ ಶುರುಮಾಡಿದ.

"ನಮಸ್ಕಾರ್ರಿ ಮೇಡಂ. ತರುಣ ಸರ್ ಅದಾರೇನ್ರಿ? ನಾವು ನಾಡಿಲಿಂಕಿನವರು."

"ಬೆಳಗ್ಗೆ ಫೋನ್ ಮಾಡೋರಾ?"

"ಹೌದ್ರಿ," ಎಂದಳು ವಿಶಾಲಾಕ್ಷಿ.

ಆ ಹುಡುಗಿ ಅವಳತ್ತ ತಿರುಗಿದಳು. "ಓ, ನೀವಾ. ಕುಕ್ಕರ್ ನಿಮ್ದೇನಾ?"

"ನಮ್ದ ರೀ."

"ಬನ್ನಿ, ಕೂತ್ಕೊಳ್ಳಿ. ನಾನು ಅಪೂರ್ವ, ಅವರ ಹೆಂಡ್ತಿ. ತರುಣ ಇಲ್ಲ. ತೀರ್ಕೊಂಡ್ರು."

ಇಂಥ ಹೊತ್ತಿನಲ್ಲಿ ಆಡಬೇಕಾದ ಮಾತು ಲಿಂಗಸೂಗೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ನಾಲ್ಕು ಕಂಪನಿಗಳ ಮಾಲೀಕನ ಬಾಯಿಂದ ಬಂದದ್ದೇ ಬೇರೆ. "ಆದ್ರ ಇವತ್ತ ಮುಂಜಾನೆ ಒಂದು ಒತ್ತ್ಯಾರಲ್ರಿ!"

ವಿಶಾಲಾಕ್ಷಿ ಅವನ ತೊಡೆ ಚಿವುಟಿದಳು.

"ಅದು ನಾನು ಒತ್ತೋದು," ಎಂದಳು ಅಪೂರ್ವ. ಅವಳ ಮೈಸೂರು ಕನ್ನಡ ನಿಧಾನವಾಗಿತ್ತು, ಯಾರದೋ ಮನೆಯ ಸಂಗತಿ ಹೇಳಿದ ಹಾಗೆ. "ಸ್ನಾನಕ್ಕೆ ಹೋದ್ರು, ಅಲ್ಲೇ ಹೋಗ್ಬಿಟ್ರು. ಹಿಂದಿನ ರಾತ್ರಿಯಿಂದ ಭುಜ ನೋಯ್ತಿದೆ ಅಂತಿದ್ರು. ಬೆಳಗ್ಗೆ ನಿಮ್ಮ ಫೋನ್ ಬಂತು. ಎರಡು ಒತ್ತಿ ಅಂದೆ. ಹೊತ್ತಾರೆ ಎದ್ದು ಅಡಿಗೆ ಮಾಡ್ತಾ ಕೇಳ್ತಿದಾರೆ ಪಾಪ, ಆಯಮ್ಮಂಗೆ ಯಾಕೆ ಗಾಬರಿ ಮಾಡೋದು ಅಂದ್ರು. ಒಂದು ಒತ್ತಿ, ಟವೆಲ್ ತಗೊಂಡು ಹೋದ್ರು."

ಕೆಳಗೆ ಯಾರೋ ತೆಲುಗಿನಲ್ಲಿ ಕಾರು ಹಿಂದೆ ತೆಗೆಯಿಸುತ್ತಿದ್ದರು.

"ಮಾರನೇ ದಿನ ಮತ್ತೆ ಬಂತು. ಅವತ್ತು ನಾನೇ ಎತ್ತಿ ಎರಡು ಒತ್ತಿದೆ. ಏನು ಹೇಳ್ತು ಗೊತ್ತಾ?"

ತುರುಕಿದ್ದೇನೆಂಬುದು ಮಹೇಶನಿಗೆ ಆ ಕ್ಷಣ ನೆನಪಾಯಿತು. ಅವನದು ವೃಷಭ ರಾಶಿ. ಮೂರನೆಯ ಕಂಪನಿಯ ಕಡತಗಳಲ್ಲಿ ಮೊದಲು ಕೈಗೆ ಸಿಗುತ್ತಿದ್ದುದು ಅದೇ.

ಅಪೂರ್ವ ಅಕ್ಷರ ತಪ್ಪದೆ ಒಪ್ಪಿಸಿದಳು. "ವೃಷಭ ರಾಶಿಯವರಿಗೆ ಇಂದು ಪ್ರಯಾಣ ಯೋಗವಿದೆ. ಮನೆ ತುಂಬ ಅತಿಥಿಗಳು. ಹಸಿರು ಬಣ್ಣ ಶುಭ."

"ಅಯ್ಯಯ್ಯೋ," ಎಂದಳು ವಿಶಾಲಾಕ್ಷಿ.

"ಸರಿಯಾಗೇ ಹೇಳ್ತು. ಮೈಸೂರಿಂದ ಎರಡು ವ್ಯಾನ್ ಜನ ಬಂದು ಹಾಲ್‌ನಲ್ಲಿ ಸಾಲಾಗಿ ಮಲಗಿದ್ರು. ನಂಗೆ ನಗು ಬಂದ್ಬಿಡ್ತು. ನಿಲ್ಲಿಸೋಕೆ ಆಗ್ಲಿಲ್ಲ. ನಮ್ಮ ದೊಡ್ಡಮ್ಮ ತಲೆ ಕೆಡ್ತು ಅಂತ ನಿಂಬೆಹಣ್ಣು ನಿವಾಳಿಸಿದ್ರು. ಆಮೇಲಿಂದ ಒಂದೇ ಒತ್ತೋದು. ಇನ್ನೇನು ಒತ್ಲಿ? ಮೂರು ಇರ್ಲಿಲ್ಲ."

"ತಪ್ಪಾತ್ರಿ," ಎಂದ ಮಹೇಶ. "ಇವತ್ತ ಫೋನು ಬಂದ್ ಮಾಡಸ್ತೀನಿ."

"ಬೇಡ. ಅವರ ಫೋನ್ ರಿಂಗಾಗುತ್ತಲ್ಲ, ಆಗ್ಲಿ." ಎದ್ದು ಒಳಗೆ ಹೋದಳು. ಕಾಫಿ ತಂದಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು. ಇಬ್ಬರೂ ಹೇಳದೆ ಕುಡಿದರು.

ಬರುವಾಗ ಕೂಕಟ್‌ಪಲ್ಲಿ ದಾಟಿದ ಮೇಲೆ ವಿಶಾಲಾಕ್ಷಿ ಬೆನ್ನ ಹಿಂದಿನಿಂದ ಹೇಳಿದಳು. "ನನಗ ಗಾಬರಿ ಆಗಬಾರ್ದಂತ ಅಂವ ಒಂದು ಒತ್ತಿದ್ನಂತ್ರಿ. ನನ್ನ ಮಾರಿ ನೋಡಿದಾಂವ ಅಲ್ಲ, ಏನಲ್ಲ."

"ಎರಡು ಒತ್ತಿದ್ರೂ ವೃಷಭನ ಬರ್ತಿತ್ತು ಬಿಡು."

"ಸಮಾಧಾನ ಮಾಡೂ ರೀತಿ ಏನ್ರಿ ಇದು?"

ಅಲ್ಲ ಎಂದು ಮಹೇಶನಿಗೂ ಗೊತ್ತಿತ್ತು. ಅವನ ತಲೆಯಲ್ಲಿ ಎರಡು ಸಂಗತಿ ಒಟ್ಟಿಗೆ ತಿರುಗುತ್ತಿದ್ದವು. ಒಂದು, ತರುಣನ ಟವೆಲು. ಇನ್ನೊಂದು, ಈ ವಿಷಯ ಮೂವರಿಗಷ್ಟೇ ಗೊತ್ತು. ನಾಳೆ ಗ್ರಾಫು ತೋರಿಸಿ ಸುಮ್ಮನಿದ್ದರೆ ಸಹಿ ಬೀಳುತ್ತದೆ. ಬಾಯಿ ಬಿಟ್ಟರೆ ಕುರ್ಚಿ, ಮಷೀನು, ಜುಮ್ಮೆನ್ನುವ ಹಲ್ಲು. ಮನೆ ಮುಟ್ಟುವಷ್ಟರಲ್ಲಿ ಸುಮ್ಮನಿರುವುದೆಂದು ತೀರ್ಮಾನಿಸಿದ್ದ. ಸಹಿಯಾದ ಮೇಲೆ ಎಲ್ಲ ಸರಿ ಮಾಡಬಹುದಲ್ಲ. ಸದ್ಯಕ್ಕೆ.

ಸೋಮವಾರ ಬೆಳಿಗ್ಗೆ ಅವನು ಟೈ ಕಟ್ಟಿಕೊಳ್ಳುತ್ತಿದ್ದಾಗ ಅತ್ತೆ ಉಮಾಬಾಯಿಯ ಫೋನು ಬಂತು. ವೈಜನಾಥರಿಗೆ ಉಸಿರಾಡಲು ಆಗದೆ ಅದೇ ದವಾಖಾನೆಗೆ ಸೇರಿಸಿದ್ದಾರೆ. ಇಬ್ಬರೂ ಓಡಿದರು.

ಜೀವಕ್ಕೆ ಅಪಾಯವಿರಲಿಲ್ಲ, ಎರಡು ದಿನ ತಡವಾಗಿದ್ದರೆ ಇರುತ್ತಿತ್ತು ಎಂದಳು ನರ್ಸು. ವೈಜನಾಥರು ಮೂಗಿಗೆ ಆಕ್ಸಿಜನ್ ನಳಿಕೆ, ಕೈಗೆ ಸಲೈನು ಹಚ್ಚಿಸಿಕೊಂಡು ಸಿಟ್ಟಿನಲ್ಲಿ ಮಲಗಿದ್ದರು. ವಿಶಾಲಾಕ್ಷಿ ಮಂಚದ ಪಕ್ಕ ನಿಂತು ಅವರ ಹಣೆ ಮುಟ್ಟಿದಳು. ಅಷ್ಟರಲ್ಲಿ ದಿಂಬಿನ ಕೆಳಗೆ ಅವರ ಮೊಬೈಲು ಬಡಿದುಕೊಂಡಿತು. ಸಲೈನಿನ ಕೈಯನ್ನೇ ಎತ್ತಿ, ಮೊಬೈಲು ಕಿವಿಗೆ ಹಿಡಿದು, ಕುಕ್ಕರಿನ ಸೀಟಿಯವರೆಗೂ ಶ್ರದ್ಧೆಯಿಂದ ಕೇಳಿ, ವೈಜನಾಥರು ಒಂದು ಒತ್ತಿದರು.

"ಮಾವಾರ, ಏನ್ ಮಾಡಾಕತ್ತೀರಿ!"

"ಏನ್ ಮಾಡ್ಲಿ? ಮಗಳು ಕೇಳಾಕತ್ತಾಳ. ಇಲ್ಲ ಅನ್ನಾಕ ಬರ್ತೈತೇನು?"

"ಮಗಳು ನಿಮ್ಮೆದುರಿಗೇ ನಿಂತಾಳಲ್ರಿ!"

"ಈಕಿಗೂ ಆರಾಮ ಅದೀನಿ ಅಂತನ ಹೇಳೀನಿ," ಎಂದರು ವೈಜನಾಥರು.

ಉಮಾಬಾಯಿಗೆ ತಡೆಯಲಾಗಲಿಲ್ಲ. "ಏನ್ ಆರಾಮ? ವಾರದಿಂದ ಕಾಲು ಬಾತು ಡಬ್ಬಿ ಆಗ್ಯಾವು. ಮಲಗಾಕ ಆಗಂಗಿಲ್ಲ, ಗ್ವಾಡಿಗೆ ಒರಗಿ ಕೂಡ್ತಾರ. ಗುಳಿಗಿ ನುಂಗಂಗಿಲ್ಲ, ಕಿಡಕಿಯಿಂದ ಒಗೀತಾರ. ಸ್ಟೇಶನ್ ಮುಂದ ಹೋಗಿ ಮಿರ್ಚಿ ತಿಂದು ಬಾಯಿ ಒರಸ್ಕೊಂಡು ಬರ್ತಾರ, ನನಗ ವಾಸನಿ ಬರಂಗಿಲ್ಲಂತ ತಿಳದಾರ."

"ಅತ್ತಿ, ಇದನ್ನೆಲ್ಲ ಮೊದಲ ಯಾಕ ಹೇಳ್ಲಿಲ್ರಿ?"

"ನನ್ನ ಯಾರು ಕೇಳ್ಯಾರ? ನಿಮ್ಮ ಫೋನು ಇವರ್ನ ಕೇಳ್ತೈತಿ!"

ಮಹೇಶ ಅತ್ತೆಯನ್ನೇ ನೋಡುತ್ತ ನಿಂತ. ಮೇಲಿನ ಮಹಡಿಯಲ್ಲಿ ಕಮಿಟಿ ಕೂಡಿತ್ತು. ವಿಶಾಲಾಕ್ಷಿ ಓರೆಯಾಗಿದ್ದ ಅವನ ಟೈಯನ್ನು ನೆಟ್ಟಗೆ ಮಾಡಿದಳು.

ಕಮಿಟಿಯ ಕೋಣೆಯ ಗೋಡೆಯ ಮೇಲೆ ಗ್ರಾಫು ಬಿತ್ತು. ಹೊಸ್ತಿಲಿನಷ್ಟು ನೇರ. ಕಮಿಟಿಯವರು ತಲೆದೂಗಿದರು. ಡಾಕ್ಟರ್ ಜನಾರ್ದನ ಪೆನ್ನಿನ ಟೋಪಿ ತೆಗೆದರು. ಮಹೇಶ ಗಂಟಲು ಸರಿಮಾಡಿಕೊಂಡ.

"ಸರ್, ಇದು ಆರೋಗ್ಯದ ಗ್ರಾಫ್ ಅಲ್ರಿ. ಮರ್ಯಾದಿದು."

ಪೆನ್ನು ಅಲ್ಲೇ ನಿಂತಿತು.

"ಇದ್ರಾಗ ಒಬ್ಬರು ಸತ್ತು ಒಂದು ತಿಂಗಳ ಮ್ಯಾಲಾತು. ದಿನಾ ಆರಾಮ ಅದಾರ. ಇನ್ನೊಬ್ಬರು ಕೆಳಗ ನಿಮ್ಮ ವಾರ್ಡಿನ್ಯಾಗ ಮೂಗಿಗೆ ನಳಿಗಿ ಹಾಕ್ಕೊಂಡು ಮಲಗ್ಯಾರ. ಅವರೂ ಈಗ ಒಂದು ಒತ್ತಿದ್ರು, ನಾನ ನೋಡೀನಿ. ನಮ್ಮ ಕಡೆ ಯಾರರ ಆರಾಮೇನ್ರಿ ಅಂತ ಕೇಳಿದ್ರ ಅದಕ್ಕ ಇರೂದು ಒಂದ ಉತ್ತರ. ನಮ್ಮಜ್ಜಿ ಸಾಯೂ ದಿನಾನೂ ಬಂದವರಿಗೆ ನಾ ಆರಾಮ, ನೀವು ಊಟ ಮಾಡ್ರಿ ಅಂದಾಕಿ. ಆಕಿ ಮೊಮ್ಮಗ ಆಗಿ ನಾ ಅದನ್ನ ಕೇಳಿ, ಬಂದ ಉತ್ತರ ಎಣಿಸ್ಕೋತ ಕುಂತೆ."

ವೃಷಭ ರಾಶಿಯ ಸಂಗತಿಯನ್ನೂ ಹೇಳಿದ. ಕಮಿಟಿಯ ಮೂಲೆಯಲ್ಲಿ ಯಾರೋ ನಕ್ಕು, ಕೆಮ್ಮಿದ ಹಾಗೆ ಮಾಡಿದರು. ಜನಾರ್ದನರು ನಗಲಿಲ್ಲ.

"ನಾಲ್ಕು ಕಂಪನಿ ಕಟ್ಟಿದವ್ರಿಗೆ ಎರಡನೇ ಬಟನ್ ಕಟ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ?"

ಮಹೇಶನ ಹತ್ತಿರ ಇದ್ದದ್ದು ಅತ್ತೆ ಕೊಟ್ಟ ಒಂದು ಉಪಾಯ. "ರೋಗಿನ್ನ ಕೇಳೂದು ಬ್ಯಾಡ್ರಿ ಸರ್. ಅವರ ಮನಿಯವರನ್ನ ಕೇಳೂಣು. ತಮ್ಮ ಕಷ್ಟ ಯಾರೂ ಹೇಳ್ಕೊಳಂಗಿಲ್ಲ. ಇನ್ನೊಬ್ಬರದು ಕೇಳ್ರಿ, ನಿಲ್ಲಸೂದು ಕಷ್ಟ ಆಕ್ಕೈತಿ. ಎರಡು ಒತ್ತಿದ್ರ ಮನುಷ್ಯಾರು ಮಾತಾಡ್ಬೇಕು."

ಡಾಕ್ಟರು ಪೆನ್ನಿಗೆ ಟೋಪಿ ಹಾಕಿದರು. "ಸಹಿ ಆಗೂದಿಲ್ಲ. ಪ್ರಯೋಗ ಬೇಕಾದ್ರೆ ಮೊದ್ಲಿಂದ ಮಾಡಿ. ಒಬ್ಳು ನರ್ಸ್ ಕೊಡ್ತೇನೆ. ಗ್ರಾಫ್ ಮಾತ್ರ ತರ್ಬೇಡಿ, ಜನ ತನ್ನಿ."

ಸಹಿ ಇಲ್ಲವೆಂದ ಮೇಲೆ ಒಪ್ಪಂದ ಒಪ್ಪಂದವೇ. ಮರುದಿನ ಮಹೇಶ ಮಾವನ ಅಂಗಡಿಯ ಬೀಗ ತೆಗೆದು ಆ ಕುರ್ಚಿಯಲ್ಲಿ ಕೂತ. ಒಂದು ಕಾಲು ಕುಂಟುತ್ತಿತ್ತು. ಹಿಂದಿನ ಕೋಣೆಯಲ್ಲಿ ಕೊಪ್ಪರಿಗೆಗಳನ್ನು ಸರಿಸಿ ಕಂಪ್ಯೂಟರು ಇಟ್ಟ. ವಿಶಾಲಾಕ್ಷಿ ಹೊಸದಾಗಿ ರೆಕಾರ್ಡು ಮಾಡಿದಳು: "ನಿಮ್ಮ ಮನಿಯಾಗಿನವರು ಹ್ಯಾಂಗದಾರ್ರಿ?" ಶುರುವಾದ ಬೆಳಿಗ್ಗೆಯೇ ಎರಡರ ಮೇಲೆ ಎರಡು ಬಂದು ನರ್ಸು ನೀರು ಕುಡಿಯಲೂ ಏಳಲಿಲ್ಲ. ಬಾವು, ಉಬ್ಬಸ, ನುಂಗದ ಗುಳಿಗೆ. ಜೊತೆ ಬೀಗರ ಬಗ್ಗೆ, ಗೊರಕೆಯ ಬಗ್ಗೆ, ಮೂವತ್ತು ವರ್ಷದ ಹಿಂದೆ ಕೊಡಿಸುತ್ತೇನೆಂದು ಕೊಡಿಸದ ಸೀರೆಯ ಬಗ್ಗೆ. ಗಂಡನನ್ನು ಪಕ್ಕದಲ್ಲೇ ಕೂರಿಸಿಕೊಂಡು ಎರಡು ಒತ್ತಿದವಳು ಉಮಾಬಾಯಿ. ಮನೆಗೆ ಬಂದ ವೈಜನಾಥರು ಅಳಿಯನಿಗೆ ಫೋನು ಮಾಡಿ, "ಅಳಿಯಂದ್ರ, ಇದನ್ನೂ ಬೇಗ ಮುಳುಗಸ್ರಿ" ಎಂದು ಬೇಡಿಕೊಂಡರು.

ಮಿಯಾಪುರದ ಒಂದು ನಂಬರಿಗೆ ಮಾತ್ರ ಮಹೇಶ ಹಳೆಯ ಪ್ರಶ್ನೆಯನ್ನೇ ಉಳಿಸಿದ್ದ. ಅಲ್ಲಿಂದ ದಿನಾ ಒಂದು ಬರುತ್ತಿತ್ತು. ಎರಡು ಒತ್ತಿದರೆ ಕರೆ ನೇರ ವಿಶಾಲಾಕ್ಷಿಯ ಮೊಬೈಲಿಗೆ ಹೋಗುವಂತೆ ಮಾಡಿದ್ದ. ಮೊಬೈಲು ಸುಮ್ಮನಿತ್ತು.

ದಸರಾ ರಜೆಯ ಒಂದು ಬೆಳಿಗ್ಗೆ ಮಹೇಶ ಸ್ಟೀಲ್ ಕೊಡವೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಿರಾಕಿಯ ಅತ್ತೆಯ ಹೆಸರು ಕೊರೆಯುತ್ತಿದ್ದ. 'ಶರಣಬಸಮ್ಮ' ಉದ್ದವಾಗಿ ಕೊಡ ಸುತ್ತತೊಡಗಿತ್ತು. ವಿಶಾಲಾಕ್ಷಿ ತಂಬಿಗೆ ಒರೆಸುತ್ತಿದ್ದಳು. ಅವಳ ಮೊಬೈಲು ಬಡಿದುಕೊಂಡಿತು. ನಂಬರು ನೋಡಿ ಮಷೀನು ನಿಲ್ಲಿಸಲು ಸನ್ನೆ ಮಾಡಿದಳು.

"ಹೂಂನ್ರಿ, ನಾನ. ಇಲ್ರಿ, ಇದು ರೆಕಾರ್ಡ್ ಅಲ್ಲ, ಖರೇನ ನಾನ... ಕುಕ್ಕರ್ ಮನ್ಯಾಗೈತ್ರಿ, ನಾ ಅಂಗಡ್ಯಾಗ ಅದೀನಿ..." ಆಮೇಲೆ ಬಹಳ ಹೊತ್ತು ಬರೀ "ಹೂಂ". ತಂಬಿಗೆಯನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡಳು. ಕೊನೆಗೆ ಮೊಬೈಲಿಗೆ ಅಂಗೈ ಮುಚ್ಚಿ ಗಂಡನ ಕಡೆ ತಿರುಗಿದಳು.

"ರೀ, ಕೇಳಾಕತ್ತಾಳ. ವೃಷಭಕ್ಕ ಇವತ್ತ ಏನೈತಿ ಅಂತ."

ಚಹಾದ ಕಪ್ಪು ಆರುವುದರೊಳಗೆ ಹನ್ನೆರಡು ರಾಶಿ ಬರೆದು ಬಿಸಾಕುತ್ತಿದ್ದವನು ಮಷೀನನ್ನು ಕೆಳಗಿಟ್ಟ. ಬಾಗಿಲಾಚೆ ಗಲ್ಲಿಯನ್ನು ನೋಡಿದ. ತಲೆಗೆ ಒಂದು ಸಾಲೂ ಹೊಳೆಯಲಿಲ್ಲ.

"ಏನ್ರಿ ಎಂಜಿನಿಯರೇ, ಅರ್ಧಕ್ಕ ನಿಲ್ಲಿಸಿದ್ರಿ?" ಎಂದಳು ಗಿರಾಕಿ.

"ತಡೀರಿ ಅಕ್ಕಾರ," ಎಂದ ಮಹೇಶ. "ಸ್ವಲ್ಪ ವಿಚಾರ ಮಾಡಾಕತ್ತೀನಿ."